ಚಿತ್ರಕ್ಕೊಪ್ಪುವ ಕವಿತೆ

ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ನಿಂತು ವಾರಪತ್ರಿಕೆಯ ಪುಟ ತಿರುವುತ್ತಿದ್ದ ಸರ್ವಮಂಗಳಳ ಕೈ ಒಂದು ಪುಟದಲ್ಲಿ ನಿಂತೇಬಿಟ್ಟಿತು. ಅರ್ಧ ಪುಟದ ಫೋಟೋ. ಅದರ ಕೆಳಗೆ ‘ಚಿತ್ರಕ್ಕೊಪ್ಪುವ ಕವಿತೆ: ಮೊದಲ ಬಹುಮಾನ’ ಎಂಬ ದಪ್ಪ ಅಕ್ಷರ. ಅದರ ಕೆಳಗೆ ಅವಳು ಬರೆದ ಸಾಲುಗಳು, ಒಂದು ಕಾಮಾ ಕೂಡ ಬದಲಾಗದೆ. ಕೊನೆಯಲ್ಲಿ ‘ಸಂಗಮಪ್ರಿಯ, ತಿ. ನರಸೀಪುರ’. ಇಷ್ಟು ವರ್ಷ ಕಾದಿದ್ದ ಸಂತೋಷ ಬಂತು, ಬಂದದ್ದೂ ನಿಜ, ಆದರೆ ಅದು ಎದೆಯಲ್ಲಿ ಸರಿಯಾಗಿ ಕೂರುವ ಮೊದಲೇ ಕಣ್ಣು ಮತ್ತೆ ಫೋಟೋದತ್ತ ಹೋಯಿತು, ಪತ್ರಿಕೆಯನ್ನು ಪಟ್ಟನೆ ಮುಚ್ಚಿದಳು.

“ಇದು ಇನ್ನೂ ಎಷ್ಟದೆ ಸಿದ್ದರಾಜು?” ಎಂದು ಕೇಳಿದಳು. ಮೂರು ಇವೆ ಎಂದ ಅಂಗಡಿಯವನು. ಮೂರನ್ನೂ ಕೊಡು ಎಂದಾಗ ಅವನು ಇವಳನ್ನು ಒಂದು ಥರಾ ನೋಡಿದ. ಕಸೂತಿಯ ಡಿಸೈನ್ ಬಂದಿದೆ, ಅಕ್ಕಪಕ್ಕದವರು ತರಹೇಳಿದ್ದಾರೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದಳು. ಅವನು ಪತ್ರಿಕೆಗಳನ್ನು ಸುತ್ತಿಕೊಡುತ್ತಾ, ಬೆಳಿಗ್ಗೆಯೇ ಒಂದನ್ನು ಪುಟ್ಟಬಸವಯ್ಯನವರು ಒಯ್ದರು ಎಂದ. ಸರ್ವಮಂಗಳ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದಳು. ಪುಟ್ಟಬಸವಯ್ಯನವರದು ಅವಳ ಗಂಡನ ಪಾತ್ರೆ ಅಂಗಡಿಗೆ ತಾಗಿದಂತೆಯೇ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿ. ವ್ಯಾಪಾರ ಅಷ್ಟಕ್ಕಷ್ಟೇ ಆದ್ದರಿಂದ ಮನುಷ್ಯ ಕೈಗೆ ಸಿಕ್ಕ ಪತ್ರಿಕೆಯನ್ನು ಮೊದಲ ಪುಟದ ತಾರೀಖಿನಿಂದ ಕೊನೆಯ ಪುಟದಲ್ಲಿ ಮುದ್ರಿಸಿದವರ ಹೆಸರಿನವರೆಗೆ ಬಿಡದೆ ಓದುತ್ತಿದ್ದರು. ಅವರ ಕಣ್ಣಿಗೆ ಅರ್ಧ ಪುಟದ ಫೋಟೋ ಬೀಳದೆ ಇರುವುದು ಸಾಧ್ಯವೇ ಇರಲಿಲ್ಲ.

ಆ ಫೋಟೋದಲ್ಲಿದ್ದವರು ಅವಳ ಅತ್ತೆ ಪಾಪಮ್ಮ.

ಪತ್ರಿಕೆಯವರು ತಿಂಗಳಿಗೊಂದು ಫೋಟೋ ಹಾಕಿ, ಅದನ್ನು ನೋಡಿ ಕವಿತೆ ಬರೆಯಿರಿ ಎಂದು ಓದುಗರನ್ನು ಕೇಳುತ್ತಿದ್ದರು. ಒಂಟಿ ಮರ, ಕೊಡೆ ಹಿಡಿದ ಮಕ್ಕಳು, ಮುರಿದ ಗಾಡಿಯ ಚಕ್ರ, ಯಾವುದು ಬಂದರೂ ಸರ್ವಮಂಗಳ ಬರೆದು ಕಳಿಸುತ್ತಿದ್ದಳು. ಯಾವುದೂ ಅಚ್ಚಾಗಲಿಲ್ಲ. ಒಮ್ಮೆ ಗಂಡ ಶಿವಸ್ವಾಮಿ ಅವಳ ಕವಿತೆಯೊಂದನ್ನು ಅಂಗಡಿಯಲ್ಲಿ ನಾಟಕದ ಧಾಟಿಯಲ್ಲಿ ಓದಿ ಎಲ್ಲರನ್ನೂ ನಗಿಸಿದ್ದ. ಅವನೇನು ಕೆಟ್ಟವನಲ್ಲ, ತಮಾಷೆಗೆ ಮಾಡಿದ್ದ, ಅಷ್ಟೇ. ಆಮೇಲೆ ಅವಳು ಬೇರೆ ಹೆಸರಿಟ್ಟುಕೊಂಡು, ತವರೂರು ನರಸೀಪುರದಲ್ಲಿರುವ ತಮ್ಮ ದೇವರಾಜುವಿನ ವಿಳಾಸ ಕೊಡತೊಡಗಿದಳು. ಮನೆಯಲ್ಲಿ ಅವಳ ಬರವಣಿಗೆಯ ಪರವಾಗಿದ್ದದ್ದು ಪಾಪಮ್ಮ ಒಬ್ಬರೇ. ಆಕೆಗೆ ಓದು ಬರಹ ಬಾರದು. ಸೊಸೆ ಪೆನ್ನು ಹಿಡಿದು ಕಿಟಕಿಯತ್ತ ನೋಡುತ್ತಾ ಕೂತರೆ, “ಬರ್ಕೋ ಓಗು ಮಗ, ಒಲೆ ತಾವ ನಾನ್ ನೋಡ್ಕತೀನಿ” ಎಂದು ಅಡುಗೆಮನೆಗೆ ಹೋಗುತ್ತಿದ್ದರು.

ಎರಡು ತಿಂಗಳ ಹಿಂದೆ ಈ ಫೋಟೋ ಬಂದಾಗ ಸರ್ವಮಂಗಳ ಮೊದಲು ನಕ್ಕುಬಿಟ್ಟಿದ್ದಳು. ಹೊಳೆಯ ಮೆಟ್ಟಿಲ ಮೇಲೆ ಕೂತ ಮುದುಕಿ. ಒದ್ದೆ ಕೂದಲು, ಸ್ನಾನಕ್ಕೆಂದೇ ಇಟ್ಟುಕೊಂಡಿದ್ದ ಮಾಸಲು ಸೀರೆ. ಮುಂದಕ್ಕೆ ಚಾಚಿದ ಎಡಗೈ. ಆ ಕೈಯಲ್ಲೇ ನೆಟ್ಟ ಕಣ್ಣು. ಪಾಪಮ್ಮ ಪ್ರತಿ ಸೋಮವಾರ ಕಪಿಲೆ ಹೊಳೆಯಲ್ಲಿ ಮಿಂದು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದು ಮದುವೆಯಾಗಿ ಬಂದಾಗಿನಿಂದ ನಡೆದುಬಂದಿದ್ದು. ಫೋಟೋ ತೆಗೆದ ದಿನ ಸರ್ವಮಂಗಳ ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಜಾಲಿಸುತ್ತಿದ್ದಳು. ಕ್ಯಾಮೆರಾ ಹಿಡಿದ ಒಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ. ದೇವಸ್ಥಾನದ ಗೋಪುರದ ಫೋಟೋ ತೆಗೆಯುತ್ತಿದ್ದಾನೆ ಎಂದುಕೊಂಡಿದ್ದಳು. ಪತ್ರಿಕೆಯ ಮಸಿಯಲ್ಲಿ ಪುಟ್ಟ ಕಪ್ಪು ಲಿಂಗ ಬೆರಳುಗಳ ನೆರಳಿನೊಳಗೆ ಸೇರಿಹೋಗಿತ್ತು. ಗೊತ್ತಿಲ್ಲದವರು ನೋಡಿದರೆ ಅದು ಭಿಕ್ಷೆಗೆ ಒಡ್ಡಿದ ಕೈ.

ಅವಳು ಮೊದಲು ಇದ್ದದ್ದನ್ನು ಇದ್ದ ಹಾಗೆಯೇ ಬರೆದಳು. ಅತ್ತೆಯ ಅಂಗೈ, ಅದರಲ್ಲಿನ ಲಿಂಗ, ಸುತ್ತಲಿನ ಗದ್ದಲ ಕೇಳಿಸದಂತೆ ಕೂತ ಆ ಮುಖ. ಬರೆದು ಓದಿಕೊಂಡರೆ ಭಜನೆ ಮಂಡಳಿಯ ಹಾಡಿನಂತೆ ಇತ್ತು. ಇದನ್ನು ಯಾರೂ ಆರಿಸುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬಹುಮಾನ ಬಂದ ಕವಿತೆಗಳನ್ನೆಲ್ಲ ಅವಳು ಓದಿಕೊಂಡಿದ್ದಳು. ಎಂಥದ್ದು ಗೆಲ್ಲುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಆಮೇಲೆ, ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತಿನಲ್ಲಿ, ಎರಡನೆಯದು ತಾನಾಗಿಯೇ ಬಂತು. ಒಂದು ಪದವನ್ನೂ ಹೊಡೆದುಹಾಕಬೇಕಾಗಲಿಲ್ಲ. ಮಗ ಹೊರಗೆ ಹಾಕಿದ ತಾಯಿ, ಹೊಳೆಯ ಮೆಟ್ಟಿಲು, ಚಾಚಿದ ಕೈ. ಬರೆಯುತ್ತಾ ಅವಳಿಗೆ ಅಳುವೇ ಬಂದಿತ್ತು. ಆ ವಾರ ಪುಟ್ಟಬಸವಯ್ಯನವರು ಊರಲ್ಲಿರಲಿಲ್ಲ, ಈ ಫೋಟೋ ಬೇರೆ ಯಾರ ಕಣ್ಣಿಗೂ ಬಿದ್ದಿಲ್ಲ, ಮನೆಯಲ್ಲಿ ಪತ್ರಿಕೆ ಓದುವವಳು ತಾನೊಬ್ಬಳೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎರಡನೆಯದನ್ನು ಅಂಚೆಗೆ ಹಾಕಿದಳು. ಗೆದ್ದ ಕವಿತೆಯ ಜೊತೆಗೆ ಫೋಟೋವನ್ನೂ ಮತ್ತೆ ಅಚ್ಚು ಹಾಕುತ್ತಾರೆಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೆದ್ದಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದಳು.

ಪತ್ರಿಕೆಗಳನ್ನು ಚೀಲದಲ್ಲಿದ್ದ ಸೊಪ್ಪಿನ ಕೆಳಗೆ ತುರುಕಿಕೊಂಡು ಅವಳು ಬಿರಬಿರನೆ ಮನೆಗೆ ಬಂದಾಗ, ಎಂದೂ ಆ ಹೊತ್ತಿನಲ್ಲಿ ಮನೆಯಲ್ಲಿರದ ಶಿವಸ್ವಾಮಿಯ ಚಪ್ಪಲಿ ಬಾಗಿಲಲ್ಲಿದ್ದವು. ಒಳಗೆ ಕುರ್ಚಿಯಲ್ಲಿ ಪುಟ್ಟಬಸವಯ್ಯನವರು. ಕಂಬಕ್ಕೆ ಒರಗಿ ಕೂತ ಪಾಪಮ್ಮನ ತೊಡೆಯ ಮೇಲೆ ಪತ್ರಿಕೆ. ತಾನು ಇಷ್ಟು ಮುದುಕಿಯಾಗಿದ್ದೇನೆಯೇ ಎಂದು ಆಕೆ ತನ್ನ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು. ಕೂಗಾಟವೆಲ್ಲ ಗಂಡಸರದು.

ಪುಟ್ಟಬಸವಯ್ಯನವರು ಹಣೆಯ ವಿಭೂತಿ ಬೆವರಿಗೆ ಇಳಿಯುವಷ್ಟು ಕೋಪಗೊಂಡಿದ್ದರು. “ಲಿಂಗ ಇಡ್ಕಂಡಿರೋ ಕೈಯ ತಿರುಪೆ ಕೈ ಅಂತ ಬರ್ದವ್ನಲ್ಲ, ಶಿವಸ್ವಾಮಿ. ಕೊರಳಲ್ಲಿ ಲಿಂಗ ಕಟ್ಟಿರೋನಾಗಿದ್ರೆ ಇಂಗೆ ಬರೀತಿದ್ನಾ?” ಎಂದರು. ಶಿವಸ್ವಾಮಿಯ ಸಂಕಟ ಬೇರೆ. ಪಾತ್ರೆ ಅಂಗಡಿ ಇಟ್ಟುಕೊಂಡು ಹೆತ್ತವ್ವನನ್ನು ಹೊಳೆದಡದಲ್ಲಿ ಭಿಕ್ಷೆಗೆ ಕೂರಿಸಿದ್ದಾನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬುದು ಅವನ ಹೆದರಿಕೆ. ಆಗಲೇ ಗಿರಾಕಿಯೊಬ್ಬ ಕೇಳಿಯೂ ಆಗಿತ್ತು.

“ನಿಮ್ಮೂರೋನೇ ಕಣೇ ಇವ್ನು,” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ಸಂಗಮಪ್ರಿಯ ಅಂತೆ. ಕಪಿಲೆ ಅಂತ ಬೇರೆ ಬರ್ದವ್ನೆ, ಅಂದ್ರೆ ಜಾಗ ನೋಡಿರೋನೇ. ಗೊತ್ತಾ ನಿಂಗೆ?”

ನರಸೀಪುರದಲ್ಲಿ ಬರೆಯುವವರು ಯಾರ್ಯಾರೋ ಇರುತ್ತಾರೆ, ನನಗೇನು ಗೊತ್ತು ಎಂದು ಸರ್ವಮಂಗಳ ಸೊಪ್ಪಿನ ಚೀಲ ಎದೆಗವಚಿಕೊಂಡೇ ಹೇಳಿದಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ದೇವರಾಜುವನ್ನು ಜೊತೆಗೆ ಕರೆದುಕೊಂಡು ಆ ಕವಿಯನ್ನು ಹುಡುಕುವುದೆಂದು ಗಂಡಸರಿಬ್ಬರೂ ತೀರ್ಮಾನಿಸಿದರು. ಅವರು ಅಂಗಡಿಯತ್ತ ಹೋದದ್ದೇ ತಡ, ಉಪ್ಪು ಮುಗಿದಿದೆ ಎಂದು ಅತ್ತೆಗೆ ಹೇಳಿ ಎಸ್‌ಟಿಡಿ ಬೂತಿಗೆ ಓಡಿದಳು. ಎರಡು ಸಲ ಲೈನ್ ಸಿಗಲಿಲ್ಲ. ಮೂರನೆಯ ಸಲ ಸಿಕ್ಕ ದೇವರಾಜುವಿಗೆ ಅಕ್ಕನನ್ನು ಮಾತನಾಡಲು ಬಿಡಲಾರದಷ್ಟು ಹಿಗ್ಗು. “ನೋಡ್ದೆ ಕಣಕ್ಕ. ಬೀದಿಗೆಲ್ಲ ಏಳ್ಬುಟ್ಟಿವ್ನಿ, ನಮ್ಮಕ್ಕನೇ ಬರ್ದಿರೋದು ಅಂತ. ಭಾವ ಏನಂದ್ರು?” ಎಂದ. ಅವಳು ಫೋನ್ ಇಟ್ಟಳು. ವಾಪಸು ಬರುವಾಗ ಉಪ್ಪು ಕೊಳ್ಳುವುದನ್ನೂ ಮರೆತಳು.

ಪಾಪಮ್ಮ ಅದೇ ಕಂಬದ ಹತ್ತಿರ ಕೂತಿದ್ದರು. ಸೊಸೆ ಬಂದೊಡನೆ ಪತ್ರಿಕೆಯನ್ನು ಮುಂದೆ ಸರಿಸಿದರು.

“ಓದು ಮಗ.”

ಬೇಡ ಬಿಡಿ, ಏನೋ ಹುಚ್ಚುಚ್ಚಾಗಿ ಬರೆದಿದ್ದಾರೆ ಎಂದಳು ಸರ್ವಮಂಗಳ. ಪಾಪಮ್ಮ ಬಿಡಲಿಲ್ಲ. ಗಂಡಸರು ಎರಡು ಸಾಲು ಓದಿ ಕೂಗಾಡಿದರೇ ಹೊರತು ಪೂರ್ತಿ ಓದಿ ಹೇಳಿದವರು ಯಾರೂ ಇಲ್ಲ. ತನ್ನ ಮೇಲೆ ಬರೆದದ್ದನ್ನು ತಾನು ಕೇಳಬೇಡವೇ? ಅಲ್ಲದೆ ಸೊಸೆಯ ಹಾಗೆ ಓದುವುದು ಈ ಮನೆಯಲ್ಲಿ ಯಾರಿಗೆ ಬರುತ್ತದೆ?

ಸರ್ವಮಂಗಳ ಎದುರಿಗೆ ಕೂತು ಪತ್ರಿಕೆ ತೆಗೆದುಕೊಂಡಳು. ಸಾಲುಗಳನ್ನು ಬದಲಾಯಿಸಿ ಓದಿಬಿಡಬಹುದಿತ್ತು. ಕೇಳುವವರಿಗೆ ಅಕ್ಷರ ಬಾರದು. ಮೊದಲು ಬರೆದು ಬಿಟ್ಟುಬಿಟ್ಟ ಕವಿತೆಯನ್ನೇ ಹೇಳಿಬಿಡೋಣ ಎಂದೂ ಯೋಚಿಸಿದಳು. ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ.

“ಹಾಲನ್ನ ಕಲೆಸಿದ್ದ ಕೈ, ತೊಟ್ಟಿಲ ತೂಗಿದ್ದ ಕೈ, ಹೊಳೆಯ ಮೆಟ್ಟಿಲ ಮೇಲೆ ಇಂದು ಯಾರೆದುರು ಚಾಚಿದ ಕೈ...”

ಮೊದಮೊದಲು ತಡವರಿಸಿದಳು. ಆಮೇಲೆ ಲಯ ತಾನೇ ಅವಳನ್ನು ಹಿಡಿದುಕೊಂಡಿತು. ಮಗ ಬಾಗಿಲು ಹಾಕಿಕೊಂಡ ಕಡೆ ದನಿ ತಗ್ಗಿತು, ಮೊಮ್ಮಗುವಿನ ಮಾತು ಬಂದ ಕಡೆ ಒಂದು ಗಳಿಗೆ ನಿಂತಿತು. ಎಲ್ಲಿ ನಿಂತರೆ ಕೇಳುವವರ ಕರುಳು ಚುರುಕ್ ಎನ್ನುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಳಾದ ಸಂತೋಷ, ಆ ಹೊತ್ತಿನಲ್ಲೂ ತಲೆಹಾಕದೆ ಇರಲಿಲ್ಲ. ಇದು ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು.

“ತುಂಬಿ ಹರಿಯುವ ಕಪಿಲೆ, ನಿನ್ನಿಂದಲೂ ತುಂಬಲಾಗಲಿಲ್ಲವೇ ಈ ಒಂದು ಅಂಗೈ?”

ಪಾಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಚೆನ್ನಾಗ್ ಬರ್ದವ್ನೆ ಕಣವ್ವ,” ಎಂದರು. “ಅವ್ನ ಮ್ಯಾಲೆ ಸುಮ್ಕೆ ರೇಗಾಡ್ತಾರೆ ಇವ್ರು. ಅಂಗೈಲಿ ಏನಿತ್ತು ಅಂತ ಆ ಪಟಕ್ಕೇ ಗೊತ್ತಿಲ್ಲ, ಇನ್ನು ಅವ್ನಿಗೇನ್ ಗೊತ್ತಾದದು? ಕಂಡಿದ್ದ ಬರ್ದ. ಗೊತ್ತಿದ್ದೂ ಬರ್ದಿದ್ರೆ ತಪ್ಪು.”

ಸರ್ವಮಂಗಳ ಪತ್ರಿಕೆ ಮಡಿಸಿದಳು. ಏನಾದರೂ ಹೇಳಬೇಕು ಅನ್ನಿಸಿತು, ಮಡಿಸಿದ್ದನ್ನೇ ಇನ್ನೊಮ್ಮೆ ಮಡಿಸಿದಳು. ಪಾಪಮ್ಮ ಅವಳನ್ನೇ ನೋಡುತ್ತಿದ್ದರು. ಆ ನೋಟ ನಿಧಾನವಾಗಿ ಬದಲಾಯಿತು. ಮಡಿಸಿದ ಪತ್ರಿಕೆಯಿಂದ ಸೊಸೆಯ ಮುಖಕ್ಕೆ, ಮತ್ತೆ ಪತ್ರಿಕೆಗೆ ಹೋಯಿತು.

“ಕಡೇದ್ನ ಪುಸ್ತಕ ನೋಡ್ದೇನೆ ಓದ್ದಲ್ಲ ಮಗ.”

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದರು. ಸರ್ವಮಂಗಳ ತಲೆ ಎತ್ತಲಿಲ್ಲ. ಬೈದರೆ ಕಾಲು ಹಿಡಿದುಕೊಳ್ಳಬಹುದಿತ್ತು, ಕೇಳಿದರೆ ಹೌದು ಎನ್ನಬಹುದಿತ್ತು. ಪಾಪಮ್ಮ ಕೇಳಲೇ ಇಲ್ಲ. ಕಂಬ ಹಿಡಿದುಕೊಂಡು ಎದ್ದರು.

“ಒಲೆ ಮ್ಯಾಲೆ ಏನಾರಾ ಮಡಗಿದ್ಯಾ ನೋಡ್ತೀನಿ,” ಎಂದು ಅಡುಗೆಮನೆಗೆ ಹೋದರು. ಒಲೆಯನ್ನು ಆ ಹೊತ್ತಿನವರೆಗೆ ಯಾರೂ ಹಚ್ಚಿರಲಿಲ್ಲ.

ಸಂಜೆ ಶಿವಸ್ವಾಮಿ ಊಟಕ್ಕೆ ಕೂತಾಗ ನರಸೀಪುರದ ಮಾತು ಮತ್ತೆ ತೆಗೆದ. ಪುಟ್ಟಬಸವಯ್ಯನವರು ಮಠದಿಂದ ಇನ್ನಿಬ್ಬರನ್ನು ಹೊರಡಿಸಿದ್ದರಂತೆ. ಸರ್ವಮಂಗಳ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಈಗ ಹೇಳಿಬಿಡುವುದೇ ಸರಿ, ಇವರು ಹೋಗಿ ಬೀದಿಯಲ್ಲಿ ಕೇಳಿ ತಿಳಿದುಕೊಂಡು ಬರುವುದಕ್ಕಿಂತ ಅದೇ ಮೇಲು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಪಾಪಮ್ಮನ ಮಾತು ಕೇಳಿಸಿತು.

“ಯಾರೂ ಎಲ್ಗೂ ಓಗಾದ್ ಬ್ಯಾಡ. ಯಾರೋ ಗೊತ್ತಿಲ್ದೋರು ಬರ್ದವ್ರೆ, ಬುಟ್ಬುಡು.”

ಶಿವಸ್ವಾಮಿ ಬಿಡುವವನಲ್ಲ. ಮಾನ ಹೋದದ್ದು ತನ್ನದು ಎಂದ. ಫೋಟೋ ನನ್ನದು, ನನಗೇ ಬೇಜಾರಿಲ್ಲ ಎಂದಮೇಲೆ ನಿನಗೇನು ಎಂದು ಪಾಪಮ್ಮ ಅವನ ಬಾಯಿ ಮುಚ್ಚಿಸಿದರು. ಅವನು ಗೊಣಗುತ್ತಾ ಅನ್ನ ಕಲೆಸಿದ. ಸರ್ವಮಂಗಳಳಿಗೆ ಬದುಕಿದೆ ಅನ್ನಿಸಬೇಕಿತ್ತು. ಆದರೆ ಕಿವಿಯಲ್ಲಿ ಉಳಿದದ್ದು ‘ಗೊತ್ತಿಲ್ದೋರು’ ಎಂಬ ಒಂದೇ ಮಾತು. ಅತ್ತೆ ಅದನ್ನು ಮಗನಿಗೆ ಹೇಳಿದರೋ, ಬಾಗಿಲಲ್ಲಿ ನಿಂತ ತನಗೆ ಹೇಳಿದರೋ ತಿಳಿಯದೆ ಅವಳು ಸಾರು ಬಡಿಸಿದಳು. ಪಾಪಮ್ಮ ಎಂದಿನಂತೆಯೇ ಸಾಕು ಮಗ ಎಂದರು.

ಮಾರನೆಯ ಬೆಳಿಗ್ಗೆ ಪೂಜೆಯ ನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಅವಳು ದೇವರಕೋಣೆಗೆ ಹೋದಳು. ಪಾಪಮ್ಮನ ಬಲಗೈ ಈಚೆಗೆ ನಡುಗುತ್ತಿತ್ತು. ಆದ್ದರಿಂದ ಅಂಗೈಯ ಲಿಂಗದ ಮೇಲೆ ನೀರು ಬಿಡುವ ಕೆಲಸ ಸೊಸೆಯದೇ ಆಗಿತ್ತು. ಎಷ್ಟೋ ಬೆಳಿಗ್ಗೆ ಹಾಗೆ ಇಬ್ಬರೂ ಮಾತಿಲ್ಲದೆ ಎದುರುಬದುರು ಕೂತಿದ್ದರು. ಅವಳು ಹೊಸಿಲ ಹತ್ತಿರ ಬಂದಾಗ ಪಾಪಮ್ಮ ಮಣೆಯ ಮೇಲೆ ಕೂತು, ಎಡಗೈ ಮುಂದೆ ಚಾಚಿ, ಅದರಲ್ಲೇ ಕಣ್ಣು ನೆಟ್ಟಿದ್ದರು.

ಬಳೆಯ ಸದ್ದಿಗೆ ಆಕೆ ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಡುಗುವ ಬಲಗೈಯಿಂದ ಸೆರಗನ್ನು ಎಳೆದು, ನಿಧಾನವಾಗಿ, ತನ್ನ ಅಂಗೈಯ ಮೇಲೆ ಮುಚ್ಚಿಕೊಂಡರು.

“ಅಲ್ಲೇ ಮಡಗು ಮಗ,” ಎಂದರು.

ಸರ್ವಮಂಗಳ ಚೊಂಬನ್ನು ಹೊಸಿಲ ಈಚೆಗೇ ಇಟ್ಟಳು.