ಸೊಸೆ ನೆಟ್ಟ ಹಲ್ಲು

ಟೈಲರ್ ಅತ್ತೆಯ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ಬಣ್ಣ ಬಿಡುವ ಬಟ್ಟೆ ಮಾರಿದ ಅಂಗಡಿಯವನಿಂದ ಹಿಡಿದು ಹೊಟ್ಟೆ ಎಳೆದುಕೊಂಡು ಅಳತೆ ಕೊಡುವ ಗಿರಾಕಿಯವರೆಗೆ ಎಲ್ಲರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಂಗಸು. ಅಂಥವಳು ಸೊಸೆಯ ವಿಷಯದಲ್ಲಿ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸೊಸೆ ಹಲ್ಲಿನ ಡಾಕ್ಟರು. ಅವಳು ಯಾರ ನೆರವೂ ಇಲ್ಲದೆ ತಾನೇ ಕೂರಿಸಿದ ಮೊದಲ ಇಂಪ್ಲಾಂಟು ಅತ್ತೆಯ ಕೆಳದವಡೆಯಲ್ಲಿತ್ತು. ಮೂಳೆಯೊಳಗಿನ ಸ್ಕ್ರೂ ಗಟ್ಟಿಯಾಗಿ, ಅದರ ಮೇಲೆ ಹಲ್ಲು ಕೂತ ದಿನ ಆ ಹುಡುಗಿ ಕ್ಲಿನಿಕ್ಕಿನಲ್ಲೇ ಕುಣಿದುಬಿಟ್ಟಿದ್ದಳು.

ಹಾಗಾಗಿ ಹಲ್ಲುಜ್ಜುವಾಗ ಅದರ ಸುತ್ತ ರಕ್ತ ಕಂಡಾಗ ಅತ್ತೆ ಬಾಯಿ ಮುಕ್ಕಳಿಸಿ, ಸಿಂಕು ತೊಳೆದು ಸುಮ್ಮನಾದಳು. ಹೇಳಿದರೆ ಹುಡುಗಿ ಎದೆಗುಂದಿಯಾಳು. ಸಡಿಲಾದ ಹೊಲಿಗೆಯನ್ನು ಎಳೆಯಬಾರದು ಎನ್ನುವುದು ಅವಳ ಕಸುಬಿನ ಪಾಠ. ಪಾಪ, ಬಾಯಿಗೂ ಅದನ್ನೇ ಹಚ್ಚಿದಳು. ಆ ಹಲ್ಲಿಗೆ ಬ್ರಷ್ ತಾಗಿಸುವುದನ್ನೇ ಬಿಟ್ಟಳು. ರಕ್ತ ಕಾಣುವುದು ನಿಂತಿತು, ಅವಳಿಗೂ ನೆಮ್ಮದಿಯಾಯಿತು.

ಒಂದು ಬೆಳಿಗ್ಗೆ ಅತ್ತೆ ಸೊಸೆಯ ಹೊಸ ಬಿಳಿ ಕೋಟನ್ನು ಅವಳ ಮೈಮೇಲೇ ಇಟ್ಟು, ಕಾಲರಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು. ಮುಖ ಹತ್ತಿರವಾದಾಗ ಅವಳ ಬಾಯಿಯ ಕೆಟ್ಟ ವಾಸನೆ ಸೊಸೆಯ ಮೂಗಿಗೆ ಬಡಿಯಿತು.

"ಅತ್ತೆ, ಬಾಯಿ ತೆಗೀರಿ."

"ತೋಳು ಎತ್ತು ಮೊದ್ಲು."

"ಬಾಯಿ ತೆಗೀರಿ ಅಂದೆ!"

ಸೊಸೆ ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕೀವು ಬಂತು. ಆಗಲೇ ಅತ್ತೆಯನ್ನು ಹೊರಡಿಸಿದಳು.

ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರೆ, ಸ್ಕ್ರೂ ಸುತ್ತ ಮೇಲ್ಭಾಗದ ಮೂಳೆ ಕರಗಿ ಕಪ್ಪಗೆ ಕಾಣುತ್ತಿತ್ತು.

"ಬ್ಯಾಕ್ಟೀರಿಯಾ ಎಲ್ಲರ ಬಾಯಲ್ಲೂ ಇರುತ್ತೆ," ಎಂದಳು ಸೊಸೆ, ಪರದೆಯಿಂದ ಕಣ್ಣು ಕೀಳದೆ. "ಹಲ್ಲು ಕೂರಿಸಿದ ಕೂಡ್ಲೇ ಅದರ ಮೇಲೆ ಜೊಲ್ಲಿನ ಪದರ ಕಟ್ಟುತ್ತೆ, ಅಲ್ಲಿ ಬಂದು ಅಂಟ್ಕೋತವೆ. ಮೊದ್ಲು ಬರೋವು ಸಾಧು. ದಿನಾ ಉಜ್ಜಿದ್ರೆ ಹೋಗ್ತವೆ. ಬಿಟ್ರೆ ಅವುಗಳನ್ನ ಹಿಡ್ಕೊಂಡು ಇನ್ನಷ್ಟು ಬರ್ತವೆ. ಪದರ ದಪ್ಪ ಆಗಿ ಒಳಗೆ ಗಾಳಿ ಆಡಲ್ಲ. ಗಾಳಿ ಅಂದ್ರೆ ಆಗದೋವು ಆಗ ಒಸಡಿನ ಕೆಳಗೆ ಬೀಡು ಬಿಡ್ತವೆ. ಅವುಗಳ ಜೊತೆ ಹೊಡೆದಾಡೋಕೆ ಹೋಗಿ ನಮ್ಮ ಮೈಯೇ ಮೂಳೆ ಕರಗಿಸ್ಕೊಳ್ಳುತ್ತೆ."

"ನೆಂಟರು ಅವರ ನೆಂಟರನ್ನೂ ಕರ್ಕೊಂಡು ಬಂದ ಹಾಗೆ," ಎಂದಳು ಅತ್ತೆ.

ಸೊಸೆ ನಗಲಿಲ್ಲ. "ರಕ್ತ ಬರ್ತಿತ್ತು, ಅಲ್ವಾ? ಯಾಕೆ ಹೇಳಲಿಲ್ಲ?"

"ನೀನು ಹಾಕಿದ ಮೊದಲ್ನೇ ಹಲ್ಲು ಕಣೇ. ಕೆಟ್ಟಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಬೇರೆ ಪೇಶೆಂಟ್‌ಗಳನ್ನೆಲ್ಲ ಆಗಾಗ ಫೋನ್ ಮಾಡಿ ಕರೆಸಿ ನೋಡ್ತೀನಿ. ನೀವು ದಿನಾ ಎದುರಿಗೇ ಕೂತು ಊಟ ಮಾಡ್ತಿದ್ರಿ. ಒಂದು ದಿನಾನೂ ನಿಮ್ಮ ಬಾಯಿ ನೋಡ್ಲಿಲ್ಲ ನಾನು."

ಅತ್ತೆ ದವಡೆ ಸವರಿಕೊಂಡಳು. "ಉಳಿಯುತ್ತೇನೇ?"

"ಗೊತ್ತಿಲ್ಲ. ಈಗ ಕ್ಲೀನ್ ಮಾಡ್ತೀನಿ. ದಿನಾ ಉಜ್ಜಿ, ಏನಾದ್ರೂ ಆದ್ರೆ ತಕ್ಷಣ ಹೇಳಿದ್ರೆ ಉಳೀಬಹುದು. ಮುಚ್ಚಿಟ್ರೆ ಮಾತ್ರ ಕಿತ್ತುಹಾಕೋದೇ."

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೊಸೆ ಒಸಡಿನ ಕೆಳಗೆ ಕೆರೆಯತೊಡಗಿದಳು. ಒಂದು ಮೂಲೆ ಮರಗಟ್ಟಿರಲಿಲ್ಲ. ಅತ್ತೆಗೆ ಕಣ್ಣಲ್ಲಿ ನೀರು ಚಿಮ್ಮಿತು. ಕುರ್ಚಿಯ ಕೈ ಹಿಡಿದು ನೋವನ್ನು ಹಾಗೇ ನುಂಗಿಕೊಂಡಳು.

"ನೋವಾಗ್ತಿದೆಯಾ?"

ಅಭ್ಯಾಸಬಲದಿಂದ ಅತ್ತೆ ಇಲ್ಲವೆಂದು ತಲೆಯಾಡಿಸಿದಳು. ಮಾಸ್ಕಿನ ಮೇಲಿನಿಂದ ಎರಡು ಕೆಂಪು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅವಳು ಸೊಸೆಯ ಕೈಯನ್ನು ಪಕ್ಕಕ್ಕೆ ತಳ್ಳಿ ಎದ್ದು ಕೂತಳು.

"ಆಗ್ತಿದೆ ಕಣೇ! ಪ್ರಾಣ ಹೋಗ್ತಿದೆ! ಕೈಯಾ ಅದು, ಇಕ್ಕಳವಾ?"

ಸೊಸೆ ಮಾಸ್ಕು ಕೆಳಗೆಳೆದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಇನ್ನೊಂದ್ಸಲ ಹೇಳಿ ಅತ್ತೆ. ಎಲ್ಲಿ?"

ಅತ್ತೆ ಬಾಯಿ ಅಗಲಿಸಿ, ಬೆರಳಿಟ್ಟು ತೋರಿಸಿದಳು.