ಇಂಜಿನ್ ಕೋಣೆಯಲ್ಲಿ ಕೊಟ್ಟ ಉತ್ತರ

ಉಪ್ಪು, ಡಾಂಬರು, ನೆಂದ ಹಗ್ಗ, ಮೂರೂ ಬೆರೆತ ವಾಸನೆ ಮೂಗಿಗೆ ಅಡರಿ ಟೈಲರಮ್ಮನಿಗೆ ಸೀನು ಬಂತು, ಹಿಂದೆಯೇ ನಗುವೂ ಬಂತು—ಐವತ್ತೆಂಟಕ್ಕೆ ಹೀಗೆ ಸುಮ್ಮಸುಮ್ಮನೆ ನಗು ಬರುವುದುಂಟೆ, ವಾರದ ನಡುವೆ ಅಂಗಡಿಗೆ ಬೀಗ ಜಡಿದು ಹಳೇ ಬಂದರು ನೋಡಲು ಬಂದವಳಿಗೆ ಬರದೆ ಇನ್ನೇನು, ಅದೂ ಪಕ್ಕದಲ್ಲಿ ಈ ಮನುಷ್ಯ, ದೋಣಿಯಿಂದ ಇಳಿಯುವಾಗ ಕೈ ಕೊಟ್ಟವರು ಬಿಡುವುದನ್ನೇ ಮರೆತಿದ್ದಾರೆ, ಮೂವತ್ತು ವರ್ಷ ಹಡಗಿನ ಇಂಜಿನ್ ನೋಡಿಕೊಂಡ ಕೈ, ಒರಟು, ಬೆಚ್ಚಗಿದೆ. ಹೋದ ವಾರ ಇದೇ ಕೈಯಲ್ಲಿ ಐದನೇ ಪ್ಯಾಂಟು ಹಿಡಿದು ಬಂದಿದ್ದರು, ಕಾಲು ಒಂದಿಂಚು ಗಿಡ್ಡ ಮಾಡಬೇಕು ಅಂತ, ತಿಂಗಳಿಗೊಂದು ಪ್ಯಾಂಟು, ಮನುಷ್ಯ ಇಂಚಿಂಚೇ ಕುಗ್ಗುತ್ತಿದ್ದಾರೋ ಏನೋ ಎಂದು ಅವಳು ಫೋನಿನಲ್ಲಿ ಮಗಳ ಹತ್ತಿರ ನಕ್ಕಿದ್ದಳು, ಮಗಳು ನಗಲಿಲ್ಲ, ಅಮ್ಮ, ಅವರು ಬರ್ತಿರೋದು ಪ್ಯಾಂಟಿಗಲ್ಲ ಅಂದಳು, ಸರಿಯಾಗೇ ಅಂದಳು, ಆ ಪ್ಯಾಂಟನ್ನು ಮೇಜಿನ ಮೇಲಿಟ್ಟು ಅವರು ಕೇಳಿಯೇಬಿಟ್ಟರು, ನಾವಿಬ್ರೂ ಒಂದೇ ಮನೇಲಿ ಇರಬಹುದಲ್ವಾ, ಯೋಚನೆ ಮಾಡಿ ಹೇಳಿ. ಸಂಜೆ ದೋಣಿ ಹತ್ತುವುದರೊಳಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದಾಳೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಬೇಡ, ಗಂಡ ಹೋಗಿ ಹದಿನಾಲ್ಕು ವರ್ಷ ಆಯ್ತು, ಒಬ್ಬಳೇ ಇದ್ದು ರೂಢಿ ಆಗಿದೆ, ಬೇಜಾರು ಮಾಡ್ಕೋಬೇಡಿ—ಬಂದರಿನ ಮ್ಯೂಸಿಯಮ್ಮಿನೊಳಗೆ ತಂಪು, ಗಾಜಿನ ಪೆಟ್ಟಿಗೆಗಳಲ್ಲಿ ಬೆರಳುದ್ದದ ಹಡಗುಗಳು, ಆಳೆತ್ತರದ ಲಂಗರು, ಗೋಡೆಗೆ ಹರಡಿದ ಒಂದು ಹಳೇ ಹಾಯಿ, ಅದರ ಹೊಲಿಗೆ ಮುಟ್ಟದೆ ಇರಲಾಗಲಿಲ್ಲ, ಎರಡೆಳೆ ದಾರ, ಮೇಣ ಸವರಿದ್ದು, ಯಾವ ಪುಣ್ಯಾತ್ಮನ ಕೈಯೋ, ಕಾವಲಿನವನು ಮುಟ್ಟಬೇಡಿ ಅಂದ, ಇವರು, ಅವರೂ ಹೊಲಿಗೆಯವರೇ ಬಿಡಪ್ಪ ಅಂದರು, ಮನೆಯವರ ಬಗ್ಗೆ ಹೇಳುವ ಹಾಗೆ. ಮೆಟ್ಟಿಲಿಳಿದರೆ ಇಂಜಿನ್ ಕೋಣೆ, ಹಳೇ ಹಡಗಿನದನ್ನು ಹಾಗೆಯೇ ತಂದು ಕೂರಿಸಿದ್ದಾರೆ, ಗುಂಡಿ ಒತ್ತಿದರೆ ಅದರ ಸದ್ದು ಕೇಳುತ್ತದಂತೆ, ಅವರು ಕಬ್ಬಿಣವನ್ನು ಸವರುತ್ತಾ ಹೇಳಿದರು, ಇದರೊಳಗೆ ಯಾರ ಮಾತೂ ಕೇಳ್ತಿರಲಿಲ್ಲ, ತುಟಿ ನೋಡೇ ಅರ್ಥ ಮಾಡ್ಕೊಳ್ತಿದ್ವಿ, ಈಗಲೂ ಬರುತ್ತೆ ನನಗೆ. ಈಗಲೂ ಅಂದರೆ—ಅಂಗಡಿಯಲ್ಲಿ ಮಿಷನ್ನಿನ ಸದ್ದಿನಡಿ ತಾನು ಗೊಣಗಿಕೊಂಡದ್ದೆಲ್ಲ, ಬಂದ್ರಪ್ಪಾ ಬಂದ್ರು, ನೀಲಿ ಅಂಗಿ ಚೆನ್ನಾಗೇ ಒಪ್ಪುತ್ತೆ, ಇನ್ನೊಂಚೂರು ಹೊತ್ತು ಕೂತಿದ್ರೆ ಇವರ ಗಂಟೇನು ಹೋಗುತ್ತೆ—ಅದೆಲ್ಲಾ ಗೊತ್ತಾಗ್ತಿತ್ತಾ ನಿಮಗೆ, ಎಂದು ಕೇಳಿಯೇಬಿಟ್ಟಳು, ಅವರ ಕಿವಿ ಕೆಂಪಾಯಿತು, ಹೂಂ, ಅದಕ್ಕೇ ಇನ್ನೊಂದು ಪ್ಯಾಂಟು ತರ್ತಿದ್ದೆ. ಮಾತು ಮರೆಸಲೆಂದೋ ಏನೋ ಗುಂಡಿ ಒತ್ತಿದರು, ಕೋಣೆಯೆಲ್ಲ ಗಡಗಡ, ನೆಲ ನಡುಗಿತು, ಬಾಯಿಪಾಠ ಮಾಡಿದ್ದು ಎತ್ತಲೋ ಹಾರಿಹೋಯಿತು, ನಗು ಉಕ್ಕಿ ಬರುತ್ತಿದೆ, ತಡೆಯಲಾಗುತ್ತಿಲ್ಲ, ದನಿಯೇ ತೆಗೆಯದೆ ಅವಳ ತುಟಿ ಆಡಿತು, ಆಯ್ತು, ಆದರೆ ಅಂಗಡಿ ಮಾತ್ರ ಬಿಡಲ್ಲ. ಅವರು ಅಲುಗಲಿಲ್ಲ, ಎರಡು ಕಣ್ಣು, ಒದ್ದೆಯಾದ ಎರಡು ಕಣ್ಣು, ಇನ್ನೊಂದ್ಸಲ ಎಂದು ಅವರ ತುಟಿಯೂ ಆಡಿತು, ಇವಳು ಆಯ್ತು ಅಂದಳು, ಮತ್ತೆ ಆಯ್ತು, ಸದ್ದು ಗಡಗಡ, ಎರಡು ಕಣ್ಣು, ತನ್ನ ತುಟಿಯ ಮೇಲೆ ನಟ್ಟ ಆ ಎರಡು ಕಣ್ಣು—