ತೆಗೆದವಳು

ಆ ಫೋಟೋದಲ್ಲಿ ಅವಳು ಇರಲು ಸಾಧ್ಯವೇ ಇರಲಿಲ್ಲ. ಅದನ್ನು ತೆಗೆದವಳೇ ಅವಳು.

ಆದರೂ ಇದ್ದಳು. ತಂಗಿಯ ಲ್ಯಾಪ್‌ಟಾಪಿನ ಪರದೆಯಲ್ಲಿ, ಅಪ್ಪನ ಆಫೀಸಿನ ಗೇಟಿನ ಮುಂದೆ, ಅಪ್ಪ ಅಮ್ಮನ ನಡುವೆ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಅಪ್ಪ ನಿವೃತ್ತರಾದ ದಿನದ ಫೋಟೋ. ಅಪ್ಪ ಬಾಯಿ ತುಂಬ ನಗುತ್ತಿದ್ದರು.

"ಹೇಗಿದೆ?" ಎಂದಳು ತಂಗಿ. "ಎಐಗೆ ನಿನ್ನ ನಾಲ್ಕು ಫೋಟೋ ಕೊಟ್ಟೆ, ಅಷ್ಟೇ. ಆಲ್ಬಮ್ ಪೂರ್ತಿ ನಿನ್ನನ್ನ ಸೇರಿಸಿಬಿಡ್ತು. ಎಲ್ಲರ ಮೂತೀನೂ ಹಿಡಿದಿದ್ದೀಯ, ನಿಂದೇ ಒಂದೂ ಇಲ್ಲ. ನೋಡಿದೋರು ನಿನ್ನ ಯಾರಿಗೋ ದತ್ತು ಕೊಟ್ಟಿದ್ರು ಅಂದ್ಕೋಬೇಕು."

ಅವಳು ನಕ್ಕಳು, ಅಲ್ಲಿ ನಗಬೇಕೆಂದು ಗೊತ್ತಾಗಿ.

ಪತ್ರಿಕೆಯೊಂದರಲ್ಲಿ ಅವಳು ಫೋಟೋಗ್ರಾಫರ್. ಈಚೆಗೆ ಯಾವ ಚಿತ್ರ ಕೊಟ್ಟರೂ ಸಂಪಾದಕರು ಕನ್ನಡಕ ಮೇಲೆತ್ತಿ, "ಇದು ನಿಜವಾಗ್ಲೂ ನಡೆದದ್ದು ತಾನೇ?" ಎಂದು ಕೇಳುತ್ತಿದ್ದರು. ಹಾಗಾಗಿ ಹುಸಿಯನ್ನು ಪತ್ತೆಹಚ್ಚುವುದು ಅವಳಿಗೆ ಅಭ್ಯಾಸವಾಗಿತ್ತು. ಬೆರಳು, ಕಿವಿ, ನೆರಳು. ಎಲ್ಲೋ ಒಂದು ಕಡೆ ಯಂತ್ರ ಎಡವಿರುತ್ತದೆ.

ಚಿತ್ರವನ್ನು ಹಿಗ್ಗಿಸಿದಳು. ಎಲ್ಲೂ ಎಡವಿರಲಿಲ್ಲ. ಸಂಜೆಯ ಬಿಸಿಲು ಅಪ್ಪನ ಎಡಗೆನ್ನೆಯ ಮೇಲೆ ಬಿದ್ದಂತೆಯೇ ಅವಳ ಎಡಗೆನ್ನೆಯ ಮೇಲೂ ಬಿದ್ದಿತ್ತು. ಅಮ್ಮನ ಕೂದಲು ಹಾರಿದ ಕಡೆಗೇ ಅವಳ ಕೂದಲೂ ಹಾರಿತ್ತು. ಅವಳ ಅಂಗೈ ಒತ್ತಿದಲ್ಲಿ ಅಪ್ಪನ ಅಂಗಿ ಸುಕ್ಕಾಗಿತ್ತು.

ಆ ಹೆಗಲನ್ನು ಮುಟ್ಟಿದರೆ ಹೇಗಾಗುತ್ತದೆಂದು ಯಂತ್ರಕ್ಕೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. "ಎಷ್ಟು ಸೊರಗಿದ್ದೆ ನೋಡು. ಆಗ ಸರಿಯಾಗಿ ಊಟಾನೇ ಮಾಡ್ತಿರ್ಲಿಲ್ಲ ನೀನು."

"ಅಮ್ಮಾ, ನಾನು ಅಲ್ಲಿ ನಿಂತಿರಲಿಲ್ಲ."

"ಇನ್ನೆಲ್ಲಿಗೆ ಹೋಗಿದ್ದೆ?"

ಉತ್ತರ ಸುಲಭವಾಗಿತ್ತು. ಅದರ ಬದಲು ಪರದೆಯಲ್ಲಿ ಅಪ್ಪನ ಮುಖವನ್ನು ಹಿಗ್ಗಿಸಿದಳು.

ಅಪ್ಪನ ಆ ನಗು ಅವಳದು. ಆ ಸಂಜೆ ಕ್ಯಾಮೆರಾದ ಹಿಂದಿನಿಂದ, "ನಾಳೆಯಿಂದ ರಜೆ ಬೇಕಾದ್ರೆ ಯಾರನ್ನ ಕೇಳ್ತೀರಪ್ಪಾ?" ಎಂದಿದ್ದಳು. ಮುಖಕ್ಕೆ ಕ್ಯಾಮೆರಾ ಅಡ್ಡವಿದ್ದಾಗ ಮಾತ್ರ ಅವಳಿಗೆ ಅಂಥ ಧೈರ್ಯ. ಅಪ್ಪ ನೇರ ಅವಳನ್ನೇ ನೋಡಿ ನಕ್ಕುಬಿಟ್ಟಿದ್ದರು. ಅವಳನ್ನು ನೋಡಿ ಹಾಗೆ ನಕ್ಕದ್ದು ಅದೊಂದೇ ಸಲ. ಫೋಟೋದಲ್ಲಿ ತಾನಿಲ್ಲದಿರುವುದೇ ತಾನು ಅಲ್ಲಿದ್ದುದಕ್ಕೆ ಸಾಕ್ಷಿ ಎಂದು ನಂಬಿಕೊಂಡು ಬಂದಿದ್ದಳು.

ಈಗ ಅಪ್ಪನ ಪಕ್ಕದಲ್ಲಿ ಅವಳೂ ನಗುತ್ತಿದ್ದಳು. ಇಬ್ಬರೂ ಸೇರಿ ಯಾರನ್ನು ನೋಡುತ್ತಿದ್ದರು?

ಅಪ್ಪ ಪೇಪರ್ ಮಡಿಸಿಟ್ಟು ಬಂದರು. ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಅವತ್ತು ಯಾಕೆ ನಕ್ಕಿದ್ದು ಅಂತ ನೆನಪಿದೆಯಾ ಅಪ್ಪಾ?" ಅವಳು ಕೇಳಿಯೇಬಿಟ್ಟಳು.

"ಇಲ್ದೆ ಏನು?" ಅಪ್ಪ ಹೆಗಲು ಸವರಿಕೊಂಡರು. "ನೀನು ಕೈ ಇಟ್ಟೆಯಲ್ಲ, ಮಂಜುಗಡ್ಡೆ ಇಟ್ಟ ಹಾಗಿತ್ತು. ಕಚಗುಳಿ ಆಯ್ತು."

ಅವಳು ತನ್ನ ಅಂಗೈ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು. ಸುಳ್ಳು ಎನ್ನಲು ಬಾಯಿ ಬರಲಿಲ್ಲ. ಅಪ್ಪನ ದನಿಯಲ್ಲಿ ಅಷ್ಟು ಅಕ್ಕರೆಯನ್ನು ಅವಳು ಕೇಳಿದ್ದೇ ಇಲ್ಲ. ತನಗಿಂತ ಬಹಳ ದೊಡ್ಡದೊಂದರ ಎದುರು ಬಂದವಳಂತೆ ನಿಂತಳು.

"ಅಕ್ಕಾ, ಹಳೇವನ್ನೆಲ್ಲ ತೆಗೆದುಬಿಡ್ಲಾ? ಎರಡೆರಡು ಯಾಕೆ ಸುಮ್ನೆ?"

"ತೆಗಿ."

ಇಷ್ಟು ವರ್ಷ ಫೋಟೋಗೆ ನಿಂತಾಗಲೆಲ್ಲ ಮನೆಯವರು ಅವಳಿಗೆ ಹೇಳುತ್ತ ಬಂದದ್ದೂ ಇದೇ ಮಾತು. ಅದು ಅವಳಿಗೆ ಹೊಳೆಯುವಷ್ಟರಲ್ಲಿ ತಂಗಿ ಗುಂಡಿ ಒತ್ತಿಯಾಗಿತ್ತು.

"ಇವತ್ತಿಂದೂ ಒಂದು ಆಗ್ಲಿ," ಎಂದಳು ಅಮ್ಮ. "ಟೈಮರ್ ಇಟ್ಟು ನೀನೂ ಬಾರೇ ಈ ಸಲ."

"ಟೈಮರ್ ಯಾಕಮ್ಮ? ಅಕ್ಕನೇ ತೆಗೀಲಿ, ಆಮೇಲೆ ಸೇರಿಸ್ತೀನಿ. ನೀವು ಮಧ್ಯ ಚೂರು ಜಾಗ ಬಿಡಿ, ಸಾಕು."

ಮೂವರೂ ಸೋಫಾದಲ್ಲಿ ಕೂತರು. ಅಪ್ಪ ಅಮ್ಮನ ನಡುವೆ ಒಂದು ಆಳಿನಷ್ಟು ಜಾಗ ಬಿಟ್ಟಿದ್ದರು. ಅವಳು ಕ್ಯಾಮೆರಾ ಎತ್ತಿದಳು. ಅಮ್ಮ, ತಂಗಿ ಅವಳತ್ತ ನೋಡಿದರು. ಅಪ್ಪ ನೋಡಲಿಲ್ಲ. ಇನ್ನೂ ಸ್ವಲ್ಪ ಸರಿದು ಕೂತು, ಖಾಲಿ ಜಾಗದ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಜಾಗ ಸಾಕಾ ಮಗಳೇ?"

ಸಾಕಪ್ಪಾ, ಎಂಬ ಮಾತು ಅವಳ ತುಟಿಯವರೆಗೆ ಬಂತು. ತಡೆದುಕೊಂಡಳು. ಉತ್ತರ ಅಲ್ಲಿಂದಲೇ ಬರಬಹುದೆಂಬಂತೆ ಕಾದಳು.

ಅಪ್ಪ ಏನನ್ನೋ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ, ಬಾಯಿ ತುಂಬ ನಕ್ಕರು.